ದೊಡ್ಡಮ್ಮ ಪರದೇಶದಲ್ಲಿ ಮಾಡಿದ ಕುಬಸ

ಮೊನ್ನೆ ಹರಪನಹಳ್ಳಿಯ ಬಟ್ಟೆ ಅಂಗಡಿಯಲ್ಲಿ ನಾದಿನಿಯ ಬಸುರಿ ಮಗಳ ಕುಬಸಕ್ಕೆಂದು ಹಸಿರು ರವಿಕೆ ಖಣ ಬಿಚ್ಚಿಸಿದೆ. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಟ್ಟೂರಿನ ನಮ್ಮ ಎದುರುಮನೆ ದೊಡ್ಡಮ್ಮ ನೆನಪಾದಳು. ಆಮೇಲೆ ಯಾವ ಬಣ್ಣವೂ ಮನಸ್ಸಿಗೆ ಹಿಡಿಸಲಿಲ್ಲ.

ನಾವು ದೊಡ್ಡಪ್ಪ ಎನ್ನುತ್ತಿದ್ದ ಅವಳ ಗಂಡ ಕೊಲ್ಲಿ ದೇಶವೊಂದರಲ್ಲಿ ನಮ್ಮ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದು, ತೊಂಬತ್ತರ ದಶಕದಲ್ಲಿ ನಿವೃತ್ತರಾಗಿ ಊರಿಗೆ ಮರಳಿದ್ದರು. ನಾನಾಗ ಕಾಲೇಜು ಹುಡುಗಿ. ಸಂಜೆಯಾದರೆ ದೊಡ್ಡಮ್ಮನ ಅಡಿಗೆಮನೆ ಕಟ್ಟೆಯೇ ನನ್ನ ಠಿಕಾಣಿ. ಆ ಕಥೆ ಕೇಳಿದ್ದೂ ಅಲ್ಲೇ.

ದುಡಿಯಲು ಹೋಗಿದ್ದ ನಮ್ಮ ದೇಶದ ಹುಡುಗರು ಕೆಲವರು ಅಲ್ಲಿ ಜೈಲು ಸೇರಿದ್ದರಂತೆ. ಬಿಡಿಸುವ ಮಾತುಕತೆ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿತ್ತು. ಅದನ್ನು ಮುಂದೂಡುತ್ತಿದ್ದ ಅಲ್ಲಿನ ಅಧಿಕಾರಿಯ ಮನೆ ಇವರ ಪಕ್ಕದಲ್ಲೇ. ಆತನ ಹೆಂಡತಿ ಬಸುರಿ, ತಾಯಿಯಿಲ್ಲದವಳು. ದೊಡ್ಡಮ್ಮನಿಗೆ ತಡೆಯಲಿಲ್ಲ. ಹರಕುಮುರುಕು ಅರಬ್ಬಿಯಲ್ಲೇ ಕರೆದು, ಮಣೆ ಮೇಲೆ ಕೂರಿಸಿ, ಹಸಿರು ಬಳೆ ಇಡಿಸಿ, ಖಣ ಕೊಟ್ಟು ಉಡಿ ತುಂಬಿ, ತವರಿನವರು ಮಾಡುವ ಕುಬಸವನ್ನು ತಾನೇ ಮಾಡಿಬಿಟ್ಟಳು.

“ಕುಬಸ ಮಾಡಿದ ಮ್ಯಾಲೆ ನಮ್ದು ಆಕಿ ತವರುಮನಿ ಆತು. ಊಟಕ್ಕ ಬಂದ ಅಳಿಯನ್ನ ಕೇಳಿದೆ, ಆ ಹುಡುಗ್ರ ತಾಯಂದಿರೂ ಕಾಯಾಕತ್ಯಾರಪ್ಪ, ಬಿಡು ಅಂತ,” ಅಂದಿದ್ದಳು. ಮರುವಾರವೇ ಮಾತುಕತೆ ಕುದುರಿತಂತೆ, ಹುಡುಗರು ವಿಮಾನ ಹತ್ತಿದರಂತೆ...

ಊರವರು ದೊಡ್ಡಪ್ಪನಿಗೆ ಸನ್ಮಾನ ಇಟ್ಟುಕೊಂಡರು. ಭಾಷಣದಲ್ಲಿ ಅವರು ಹುಡುಗರನ್ನು ಬಿಡಿಸಿದ್ದನ್ನೇ ಹೇಳಿದರು. ತಮ್ಮ ತಾಳ್ಮೆ, ತಮ್ಮ ವಾದ, ತಮ್ಮ ಚಾತುರ್ಯ. ಕುಬಸದ ಸುದ್ದಿಯೇ ಇಲ್ಲ. ನನ್ನ ಪಕ್ಕ ಕೂತಿದ್ದ ದೊಡ್ಡಮ್ಮ ಚಡಪಡಿಸುತ್ತಿದ್ದಳು. ಕೊನೆಗೆ ಎದ್ದೇಬಿಟ್ಟಳು.

“ಕುಬಸದ್ದೂ ಒಂದೀಟು ಹೇಳ್ರಿ.”

ಸಭೆ ಗೊಳ್ಳೆಂದಿತು. “ಹೆಂಗಸ್ರ ಶಾಸ್ತ್ರ ಇಲ್ಯಾಕ? ಕುಂದ್ರು,” ಎಂದು ದೊಡ್ಡಪ್ಪನೂ ನಕ್ಕರು. ನನ್ನ ಮೈಯೆಲ್ಲ ಉರಿಯಿತು.

ಶಾಲು ಹೊದಿಸಿದ ಮೇಲೆ ಹೆಣ್ಣುಮಕ್ಕಳು ಪದ್ಧತಿಯಂತೆ ದೊಡ್ಡಮ್ಮನಿಗೆ ಉಡಿ ತುಂಬಲು ಬಂದರು. ಮುತ್ತೈದೆ ಉಡಿ ಒಲ್ಲೆ ಅಂದದ್ದನ್ನು ನಮ್ಮ ಕಡೆ ಯಾರೂ ಕಂಡವರಲ್ಲ. ಅವಳು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಳು.

“ಇಲ್ಲಿ ಶಾಸ್ತ್ರ ಬ್ಯಾಡಂತ್ರವ್ವ,” ಎಂದು ಮನೆಯ ಕಡೆ ನಡೆದಳು.

ಈಗ ಇಬ್ಬರೂ ಇಲ್ಲ. ಊರಿನ ವಾಚನಾಲಯದಲ್ಲಿ ದೊಡ್ಡಪ್ಪನ ಫೋಟೋ ಇದೆ, ಕೆಳಗೆ ಅವರ ಸಾಧನೆ. ಸಿಟ್ಟು ತಡೆಯದೆ ನಿನ್ನೆ ಅಲ್ಲಿಗೇ ಹೋದೆ. ಇವರ ಹೆಂಡತಿಯದೂ ಒಂದು ಫೋಟೋ ಹಾಕಿಸಿ, ಖರ್ಚು ನನ್ನದು ಅಂದೆ. ಅಲ್ಲಿದ್ದಾತ ಪೆನ್ನು ತೆಗೆದು ಕೇಳಿದ, “ಹಾಕ್ಸೋಣ್ರಿ. ಹೆಸರೇನ್ರಿ ಅವ್ರದು?”

ಅಷ್ಟು ವರ್ಷ ಅವಳ ಕಟ್ಟೆಯ ಮೇಲೆ ಕೂತರೂ ಅವಳ ಹೆಸರು ನಾನೂ ಕೇಳಿರಲಿಲ್ಲ.