ಸಂತಪುರದ ಕಬ್ಬಿಣದ ಶಿಲುಬೆ

ದೆವ್ವ, ಶಕುನ, ಪವಾಡ ಇವನ್ನೆಲ್ಲ ನಾನು ನಂಬಿದವಳಲ್ಲ. ಊರಲ್ಲಿ ಯಾರ ಮೈಮೇಲಾದರೂ ದೇವರು ಬಂದರೆ ಬಾಗಿಲ ಮರೆಯಲ್ಲಿ ನಿಂತು, ಸೆರಗು ಬಾಯಿಗೆ ಒತ್ತಿ ನಗುತ್ತಿದ್ದೆ. ಆದರೂ ಒಂದು ಸಂಗತಿ ನನ್ನನ್ನು ಬಿಟ್ಟಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು, ನಾಲ್ಕು ಜನರೆದುರು ಬಾಯಿ ಬಿಡಲು ಇಂದಿಗೂ ಸಂಕೋಚ. ಮೊಮ್ಮಕ್ಕಳೇ, ಅದಕ್ಕೇ ಬರೆದಿಡುತ್ತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ.

ನಿಮ್ಮ ಅಜ್ಜ ಭಾಲ್ಕಿಯ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಜರ್ಮನಿ, ಆಸ್ಟ್ರಿಯಾ ಸೈನಿಕರ ಪದಕ ಕೂಡಿಸುವ ಹುಚ್ಚು ಅವರಿಗೆ ಹತ್ತಿದ್ದು ಒಂದು ತಪ್ಪಿನಿಂದ. ಬೀದರಿನ ಗಾಂಧಿ ಗಂಜಿನ ಹಿಂದಿನ ಗುಜರಿ ಅಂಗಡಿಯಲ್ಲಿ ಕಪ್ಪು ಮೈಯ, ಬೆಳ್ಳಿ ಅಂಚಿನ ಒಂದು ಶಿಲುಬೆ ಬಿದ್ದಿತ್ತು. ನಮ್ಮೂರಿನ ಯಾರೇ ಆದರೂ ಅಂದುಕೊಳ್ಳುವಂತೆ ಬಿದರಿ ಕೆಲಸವೆಂದುಕೊಂಡೇ ತಂದರು. ಹಳೆಯ ರೇಡಿಯೊದಿಂದ ತೆಗೆದ ಆಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿತು. ಬಿದರಿ ಅಂಟುವುದಿಲ್ಲ. ಅದು ಮೊದಲ ಮಹಾಯುದ್ಧದ ಜರ್ಮನ್ ಸೈನಿಕನೊಬ್ಬನ ಪದಕ ಎಂದು ತಿಳಿಯಲು ಅವರಿಗೆ ಒಂದು ಮಳೆಗಾಲವೇ ಹಿಡಿಯಿತು.

ಆಮೇಲೆ ಪುಣೆ, ಹೈದರಾಬಾದುಗಳಿಂದ ಪಾರ್ಸೆಲ್ಲುಗಳು ಬರತೊಡಗಿದವು. ಆಸ್ಟ್ರಿಯಾದ ಪದಕಗಳಿಗೆ ಬಟ್ಟೆಯ ಪಟ್ಟಿಯನ್ನು ಮುಕ್ಕೋನವಾಗಿ ಮಡಿಸಿ ಹೊಲಿಯಬೇಕು. ಆ ಕೆಲಸ ನನ್ನದು. ಒಂದೊಂದರ ಕೆಳಗೂ ಅವರು ಚೀಟಿ ಬರೆದಿಡುತ್ತಿದ್ದರು: ಅಸಲಿ, ಇಲ್ಲವೇ ನಕಲಿ. ಆ ಕಬ್ಬಿಣದ ಶಿಲುಬೆಗಳಲ್ಲಿ ನಕಲಿಯನ್ನು ಬೇರೆ ಲೋಹದಲ್ಲಿ ಎರಕ ಹೊಯ್ದಿರುತ್ತಾರೆ. ಆಯಸ್ಕಾಂತ ಅದನ್ನು ಎಳೆಯುವುದಿಲ್ಲ. ನಕಲಿಯನ್ನು ಅಸಲಿ ಎಂದರೆ ನಿಜವಾಗಿ ಗಳಿಸಿದವನ ಎದೆಯಿಂದ ಕಿತ್ತುಕೊಂಡ ಹಾಗೆ ಎನ್ನುತ್ತಿದ್ದರು.

ಸಂತಪುರದಲ್ಲಿ ಕುರಿ ಸಾಕುವ ಮಾಳಮ್ಮ ಎಂಬಾಕೆಯ ಟಗರಿನ ಕೊರಳಲ್ಲಿ ಅಂಥದೇ ಶಿಲುಬೆ ಇದೆ ಎಂದು ಕೇಳಿ ಒಮ್ಮೆ ಹೋದರು. ಆಕೆಯ ಮುತ್ಯಾ, ತವರಿನ ಅಜ್ಜ, ಅದೇ ಯುದ್ಧಕ್ಕೆ ನಿಜಾಮರ ಕುದುರೆ ಪಡೆಯಲ್ಲಿ ಕುದುರೆ ನೋಡಿಕೊಳ್ಳಲು ಸಮುದ್ರ ದಾಟಿ ಹೋಗಿದ್ದನಂತೆ. ಗಾಯಗೊಂಡು ಬಿದ್ದಿದ್ದ ಒಬ್ಬ ಜರ್ಮನ್ ಸಿಪಾಯಿಗೆ ಕುದುರೆಯ ಪಾಲಿನ ನೀರು ಕುಡಿಸಿದನಂತೆ. ಆತ ಎದೆಯಿಂದ ಇದನ್ನು ಬಿಚ್ಚಿ ಕೊಟ್ಟನಂತೆ. ಮುತ್ಯಾ ಅದನ್ನು ಮೊಮ್ಮಗಳ ಮದುವೆಯಲ್ಲಿ ಉಡಿಗೆ ಹಾಕಿದ್ದ. ಗಂಡನ ಮನೆಯಲ್ಲಿ ಈ ಕಥೆಯನ್ನು ಯಾರೂ ನಂಬಲಿಲ್ಲ. ಮೈದುನ ನರಸಪ್ಪನಿಗಂತೂ ಅದು ದಿನನಿತ್ಯದ ನಗೆಯಾಯಿತು. ತವರಿನ ಹಿರಿಯ ಸುಳ್ಳುಗಾರನಲ್ಲ ಎಂದು ಸಾಯುವ ಮೊದಲು ತೋರಿಸಬೇಕೆಂಬುದೊಂದೇ ಆಕೆಯ ಹಟ. ಪರೀಕ್ಷೆ ಮಾಡಿರೆಂದು ನಿಮ್ಮ ಅಜ್ಜನ ಕೈಗೆ ಕೊಟ್ಟಳು.

ಅದು ನಕಲಿಯಾಗಿತ್ತು. ಮನೆಗೆ ತಂದು ಆಯಸ್ಕಾಂತ ಹಿಡಿದರೆ ಅಲುಗಲೂ ಇಲ್ಲ. "ಆಕಿಗಿ ಹ್ಯಾಂಗ ಹೇಳ್ಲಿ?" ಎಂದು ಇವರು ಊಟ ಬಿಟ್ಟು ಎದ್ದರು. ಅದೊಂದಕ್ಕೆ ಮಾತ್ರ ಖಾಲಿ ಚೀಟಿ ಇಟ್ಟರು. ಆ ಚಳಿಗಾಲದಲ್ಲೇ ತೀರಿಕೊಂಡರು.

ವರ್ಷ ಕಳೆದ ಮೇಲೆ, ಶಿಲುಬೆಯನ್ನು ಹಿಂದಿರುಗಿಸಿ ಬರೋಣವೆಂದು ನಾನೇ ಹೊರಟೆ. ಅವರು ಹೇಳಲಾರದೆ ಹೋದ ಮಾತನ್ನು ಮಾಳಮ್ಮನಿಗೆ ಒಬ್ಬಳಿಗೇ, ಮೆಲ್ಲಗೆ ಹೇಳುವುದು ಎಂದುಕೊಂಡಿದ್ದೆ. ತೋರಿಸಿ ಹೇಳಲು ಆಯಸ್ಕಾಂತವನ್ನೂ ಶಿಲುಬೆಯಿದ್ದ ಪ್ಲಾಸ್ಟಿಕ್ ಡಬ್ಬಿಗೇ ಹಾಕಿದೆ. ಬಸ್ಸು ಜನವಾಡ ದಾಟುವಾಗ ರಸ್ತೆ ಕೆಟ್ಟಿತ್ತು. ತೊಡೆಯ ಮೇಲಿನ ಡಬ್ಬಿಯಲ್ಲಿ ಅವೆರಡೂ ಬೇರೆ ಬೇರೆಯಾಗಿ ಉರುಳಾಡಿ ಗಡಗಡ ಎನ್ನುತ್ತಿದ್ದವು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಮಾಳಮ್ಮ ಒಬ್ಬಳೇ ಇರಲಿಲ್ಲ. ಮಟಮಟ ಮಧ್ಯಾಹ್ನ, ಅಂಗಳದ ಬೇವಿನ ನೆರಳಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದರು. ಮನೆಮಂದಿಯೆಲ್ಲ ಅಲ್ಲೇ. ನಾನು ಕೂರುವುದಕ್ಕೂ ಬಿಡಲಿಲ್ಲ ನರಸಪ್ಪ, ಅತ್ತಿಗೆಯತ್ತ ನೋಡುತ್ತಲೇ ಕೇಳಿದ.

"ಬರ್ರಿ ಅಕ್ಕೋರೆ. ಏನಂದ್ರು ಸರ್? ನಮ್ಮ ವೈನಿ ಮುತ್ಯಾ ಸಂತ್ಯಾಗ ಕೊಂಡಿದ್ದೇ ಹೌದಿಲ್ರಿ? ಕುದುರಿ ಲದ್ದಿ ಬಳಿಯೋನಿಗಿ ಜರ್ಮನ್ ಸಾಹೇಬ ಯಾಕ ಕೊಡ್ತಾನ?"

"ಲದ್ದಿ ಬಳಿಯೋನೇ ನೀರು ಕೊಡ್ತಾನೋ," ಎಂದಳು ಮಾಳಮ್ಮ, ಕತ್ತರಿ ನಿಲ್ಲಿಸದೆ. "ಕುದುರಿ ಮ್ಯಾಲ ಕುಂತೋನಿಗಿ ಕೆಳಗ ಬಿದ್ದೋನು ಕಾಣಂಗಿಲ್ಲ."

ಎಲ್ಲರೂ ನಕ್ಕರು. ನರಸಪ್ಪ ನನ್ನ ಡಬ್ಬಿಯೊಳಗಿನ ಆಯಸ್ಕಾಂತ ನೋಡಿದ. "ಚುಂಬಕ ತಂದೀರಲ್ರಿ. ಹಚ್ಚಿ ತೋರಸ್ರಿ ಮತ್ತ, ಎಲ್ಲರೂ ನೋಡ್ಲಿ."

ಮಾಳಮ್ಮನ ಕತ್ತರಿ ನಿಂತಿತು. ಆಕೆ ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ. ಎಡ ಅಂಗೈ ಮೇಲೆ ಶಿಲುಬೆ ಇಟ್ಟುಕೊಂಡು, ಕಣ್ಣು ತಗ್ಗಿಸಿ, ಬಲಗೈಯಲ್ಲಿದ್ದ ಆಯಸ್ಕಾಂತವನ್ನು ಹತ್ತಿರ ತಂದೆ.

ಟಕ್ಕೆಂದಿತು. ಕೈ ಮೇಲೆತ್ತಿದೆ. ಶಿಲುಬೆ ಜೊತೆಗೇ ಮೇಲೆ ಬಂದು ಎಲ್ಲರೆದುರು ತೂಗಾಡಿತು.

ನರಸಪ್ಪ ತಾನೇ ಕಿತ್ತು ನೋಡಿದ, ಮತ್ತೆ ಹಚ್ಚಿದ. ಅವನ ಕೈಯಲ್ಲೂ ಅಂಟಿತು. "ತಪ್ಪಾಯ್ತು ವೈನಿ," ಎಂದು ಟವೆಲ್ಲು ಹೆಗಲಿನಿಂದ ತೆಗೆದು ಶಿಲುಬೆಯನ್ನು ಕಣ್ಣಿಗೆ ಒತ್ತಿಕೊಂಡ.

ಮಾಳಮ್ಮ ಬಸ್ಸಿನವರೆಗೆ ಕಳಿಸಲು ಬಂದಳು. ಬಸ್ಸು ಕಾಣುವಾಗ ನನ್ನ ಮುಂಗೈ ಹಿಡಿದಳು. "ಅಕ್ಕೋರೆ, ಒಯ್ಯೋ ದಿನ ಸರ್ ನನ್ನ ಮುಂದೇ ಹಚ್ಚಿ ನೋಡಿದ್ರು. ಹತ್ತಿದ್ದಿಲ್ರಿ. ಅವತ್ತೇ ನನಗ ತಿಳದಿತ್ತು. ನೀವೇನು ಮಾಡಿದ್ರಿ?"

"ನಾ ಏನೂ ಮಾಡಿಲ್ರಿ," ಎಂದೆ.

ಮನೆಗೆ ಬಂದು ಕಪಾಟು ತೆರೆದೆ. ಶಿಲುಬೆ ಅದಲುಬದಲಾಯಿತೇ? ಇಲ್ಲ. ಗಾಂಧಿ ಗಂಜಿನ ಶಿಲುಬೆ ಅದರ ಜಾಗದಲ್ಲೇ ಇತ್ತು. ಸಂತಪುರದ್ದರ ಒಂದು ತೋಳು ಟಗರಿನ ಕೊರಳಲ್ಲಿ ಸವೆದು ಮೊಂಡಾಗಿತ್ತು, ಅದನ್ನು ಅಂಗೈಯಲ್ಲೇ ನೋಡಿದ್ದೆ. ನಕಲಿ ಎಂದು ಬರೆದಿಟ್ಟಿದ್ದ ಬೇರೆ ಶಿಲುಬೆಗಳಿಗೆ ಅದೇ ಆಯಸ್ಕಾಂತ ಹಿಡಿದೆ. ಯಾವುದೂ ಅಂಟಲಿಲ್ಲ.

ಮತ್ತೆ ಸಂತಪುರಕ್ಕೆ ಹೋಗಿ ಹಚ್ಚಿ ನೋಡಬಹುದಿತ್ತು. ಹೋಗಿಲ್ಲ. ಅಂಟದಿದ್ದರೆ ಆ ಮುದುಕಿಯ ಮುತ್ಯಾ ಮತ್ತೆ ಸುಳ್ಳುಗಾರನಾಗುತ್ತಾನೆ. ಅಂಟಿದರೆ, ಬದುಕಿಡೀ ಒಂದು ಪದಕವನ್ನೂ ತಪ್ಪಾಗಿ ತೂಗದ ನಿಮ್ಮ ಅಜ್ಜ ತಪ್ಪಿದಂತಾಗುತ್ತದೆ.

ಆ ಖಾಲಿ ಚೀಟಿ ಈಗಲೂ ಕಪಾಟಿನಲ್ಲಿದೆ. ಏನಾದರೂ ಬರೆದುಬಿಡೋಣವೆಂದು ಪೆನ್ನು ಹಿಡಿದು ಎಷ್ಟೋ ಸಲ ಕೂತಿದ್ದೇನೆ. ನಿನ್ನೆಯೂ ಕೂತಿದ್ದೆ.