ಒಂಬತ್ತು ಅಂದಿದ್ದು ಹತ್ತೊಂಬತ್ತಾದ ದಿನ

2024ರ ಮಳೆಗಾಲ ಮುಗಿಯುವಾಗ ನಾನು ಚಿಕ್ಕಮಗಳೂರಿನಲ್ಲಿ ವಾಹನ ಸಾಲ ಕೊಡುವ ಒಂದು ಕಂಪನಿಯ ಬ್ರಾಂಚ್ ಮ್ಯಾನೇಜರ್ ಆಗಿದ್ದೆ. ಮೂಡಿಗೆರೆ, ಕಳಸ ಕಡೆಯ ಜೀಪು, ಪಿಕಪ್ಪುಗಳ ಸಾಲ ನಮ್ಮ ಬ್ರಾಂಚಿಗೇ ಬರುತ್ತಿತ್ತು. ಆ ಅಕ್ಟೋಬರಿನಿಂದ ಹೊಸ ನಿಯಮ ಬಂತು. ಸಾಲಕ್ಕೆ ಸಹಿ ಹಾಕಿಸುವ ಮುಂಚೆ ಗ್ರಾಹಕರಿಗೆ ಅವರ ಭಾಷೆಯಲ್ಲೇ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೊಟ್ಟು ವಿವರಿಸಬೇಕು. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಇನ್ಶೂರೆನ್ಸ್ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆಂದು ಅದರಲ್ಲಿ ಇರಬೇಕು.

ಅಲ್ಲಿಯವರೆಗೆ ನಮ್ಮ ವ್ಯಾಪಾರದವರೆಲ್ಲ ಆಡುತ್ತಿದ್ದುದು ಫ್ಲಾಟ್ ರೇಟಿನ ಮಾತು. ಅಸಲು ತಿಂಗಳು ತಿಂಗಳು ತೀರುತ್ತ ಬಂದರೂ, ಮೊದಲ ದಿನದ ಪೂರ್ತಿ ಸಾಲಕ್ಕೇ ಕೊನೆಯವರೆಗೆ ಬಡ್ಡಿ ಹಾಕುವ ಲೆಕ್ಕ ಅದು. ಕೇಳಲು ಕಡಿಮೆ, ಕಟ್ಟಲು ಜಾಸ್ತಿ.

ಇಸ್ಮಾಯಿಲ್ ಸಾಹೇಬರು ಮೂಡಿಗೆರೆಯಲ್ಲಿ ಹಳೆ ಗಾಡಿಗಳ ಡೀಲರ್. ಬಹಳ ವರ್ಷಗಳಿಂದ ಗಿರಾಕಿಗಳನ್ನು ನಮಗೇ ಕಳಿಸುತ್ತಿದ್ದವರು. ಒಂದು ಶುಕ್ರವಾರ ಬೆಳಿಗ್ಗೆ ಬಾಳೂರಿನ ಸುಧಾಕರ ಎಂಬ ಡ್ರೈವರ್‌ಗೆ ಜೀಪು ಕೊಡುವುದಿತ್ತು. ಬೇರೆಯವರ ಜೀಪು ಓಡಿಸಿ ಓಡಿಸಿಯೇ ನಲವತ್ತು ದಾಟಿದ್ದ ಮನುಷ್ಯ. ಎಸ್ಟೇಟಿಗೆ ಆಳುಗಳನ್ನು ಬಿಡುವ ಕೆಲಸ ನಿಕ್ಕಿಯಾಗಿತ್ತು, ಸ್ವಂತ ಗಾಡಿ ಇರಬೇಕಿತ್ತು ಅಷ್ಟೆ. ನಾನು ಸಾಲದ ಕಾಗದ ಹಿಡಿದು ಸಾಹೇಬರ ಅಂಗಡಿಗೆ ಹೋಗುವಷ್ಟರಲ್ಲಿ ಜೀಪಿಗೆ ಸೇವಂತಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು. ತೋಟದ ಕೆಲಸಕ್ಕೆ ಹೋಗುವ ಅವನ ಹೆಂಡತಿ ಜಯಂತಿ ಆ ದಿನ ರಜೆ ಹಾಕಿ, ಒಳ್ಳೆ ಸೀರೆ ಉಟ್ಟು ಬಂದಿದ್ದಳು.

“ಸಹಿ ಹಾಕಿಸ್ಬಿಡಿ ಮೇಡಂ, ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು. ರಾಹುಕಾಲ ಬರ್ತದಂತೆ, ಅವ್ರಿಗೆ ಅವಸರ,” ಎಂದರು ಸಾಹೇಬರು.

ಹಾಗೆ ಮಾಡಬಹುದಿತ್ತು. ಆ ತಿಂಗಳ ಟಾರ್ಗೆಟ್ ಮುಟ್ಟಿಲ್ಲವೆಂದು ಮೇಲಿನಿಂದ ದಿನಾ ಫೋನು ಬರುತ್ತಿತ್ತು. ಆದರೂ ಗಂಡ ಹೆಂಡತಿಯನ್ನು ಕೂರಿಸಿ ಆ ಹಾಳೆ ಓದಿದೆ. ದರದ ಸಾಲಿಗೆ ಬಂದಾಗ ಜಯಂತಿ ತಡೆದಳು.

“ಎಂತ ಮೇಡಂ, ಸಾಬ್ರು ಒಂಬತ್ತು ಅಂದಿದ್ರು. ನೀವು ಹತ್ತೊಂಬತ್ತು ಅಂತೀರಲ್ಲ?”

ಫ್ಲಾಟ್ ರೇಟ್ ಏನೆಂದು ಬಿಡಿಸಿ ಹೇಳಿದೆ. ಡೀಲರ್ ಕಮಿಷನ್ ಬಡ್ಡಿಯೊಳಗೇ ಇದೆ, ಸಾಲದ ಜೊತೆ ಸೇರಿಸಿದ ಜೀವವಿಮೆ ಕಡ್ಡಾಯವಲ್ಲ ಎಂದೂ ಹೇಳಿದೆ. ಸುಧಾಕರ ಜೀಪಿನ ಕಡೆ ನೋಡುತ್ತ ಕೂತಿದ್ದ. ಜಯಂತಿ ಎದ್ದು ನಿಂತಳು. “ಇವತ್ತು ಬೇಡ. ಮನೇಲಿ ಯೋಚ್ನೆ ಮಾಡ್ತೇವೆ.” ಅವರಿಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋದರು. ಹಾರ ಹಾಕಿದ ಗಾಡಿ ಅಲ್ಲೇ ನಿಂತಿತು.

ಸಾಹೇಬರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ಗಾಡಿ ಮಾರಿದ್ರೆ ನನಗೆ ಏನೂ ಉಳಿಯಲ್ಲ ಮೇಡಂ. ಅಂಗಡಿ ಬಾಡಿಗೆ, ಮೆಕ್ಯಾನಿಕ್ ಸಂಬಳ ಎಲ್ಲ ಆ ಕಮಿಷನ್ನಿಂದಲೇ. ನೀವೇ ಹೀಗೆ ಮಾಡಿದ್ರೆ ನಾನು ಯಾರನ್ನ ಕೇಳ್ಲಿ?” ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ಸಹಿಯಾಗದ ಕಾಗದಗಳನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ.

ಸೋಮವಾರ ಗಂಡ ಹೆಂಡತಿ ನೇರ ನಮ್ಮ ಬ್ರಾಂಚಿಗೇ ಬಂದರು. ಸೊಸೈಟಿಯಲ್ಲಿ ಕೇಳಿದ್ದರಂತೆ. ಅಲ್ಲಿ ಜಮೀನಿನ ಪಹಣಿ ಬೇಕು, ಇವರು ಇರುವುದು ಎಸ್ಟೇಟಿನವರು ಆಳುಗಳಿಗೆ ಕೊಡುವ ಲೈನ್ ಮನೆಯಲ್ಲಿ. ಬ್ಯಾಂಕಿನವರು ಹಳೆ ಜೀಪಿಗೆ ಸಾಲವಿಲ್ಲ ಎಂದಿದ್ದರು. ಕೊನೆಗೆ ಗಂಡ ಹೆಂಡತಿ ನಮ್ಮ ಸಾಲದಿಂದ ಜೀವವಿಮೆಯನ್ನು ತೆಗೆದುಹಾಕಿಸಿದರು. ದರ ಹದಿನೇಳೂವರೆ ಪರ್ಸೆಂಟಿಗೆ ಇಳಿಯಿತು. “ಮುಂಚೆ ತೀರಿಸಿದ್ರೆ ದಂಡ ಎಷ್ಟು?” ಎಂದು ಜಯಂತಿ ಕೇಳಿದಳು. ಹಾಳೆಯಲ್ಲಿ ಆ ಸಾಲು ತೋರಿಸಿದೆ. ಎರಡು ಸಲ ಓದಿಸಿಕೊಂಡಳು.

“ಕಡಿಮೆ ಏನಲ್ಲ ಇದು,” ಎಂದ ಸುಧಾಕರ, ಪೆನ್ನು ತೆಗೆದುಕೊಳ್ಳುತ್ತ. “ಆದ್ರೆ ನಮಗೆ ಕೊಡೋರು ಬೇರೆ ಯಾರಿದ್ದಾರೆ ಹೇಳಿ.”

ಇಸ್ಮಾಯಿಲ್ ಸಾಹೇಬರು ಗಾಡಿ ಕೊಟ್ಟರು. ಆಮೇಲೆ ನಮಗೆ ಗಿರಾಕಿ ಕಳಿಸುವುದನ್ನು ನಿಲ್ಲಿಸಿ ಇನ್ನೊಂದು ಕಂಪನಿ ಹಿಡಿದರು. ಅಲ್ಲೂ ಅದೇ ಹಾಳೆ ಬಂತು. ಕೊನೆಗೆ ಅವರು ಕಮಿಷನ್ ಬಿಟ್ಟು ಗಾಡಿಗಳ ಬೆಲೆ ಏರಿಸಿದರೆಂದು ಕೇಳಿದೆ. ನನಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಬಾಡಿಗೆ ಅವರೂ ಕಟ್ಟಬೇಕಲ್ಲ.

ಜಯಂತಿ ಅವಧಿಗೆ ಮೊದಲೇ ಸಾಲ ತೀರಿಸಲು ಬಂದಳು. ನಾನು ನಿವೃತ್ತಳಾಗುವ ಮುಂಚಿನ ತಿಂಗಳು ಅದು. ಆ ವರ್ಷ ಕಾಫಿ ಕೊಯ್ಲಿಗೆ ಜೀಪು ಒಂದು ದಿನವೂ ನಿಂತಿರಲಿಲ್ಲ. ಸಾಲ ತೀರಿತೆಂಬ ಎನ್‌ಒಸಿ ಪತ್ರ ಕೈಗಿಟ್ಟಾಗ ಅವಳು ಹೋಗಲಿಲ್ಲ. ಕುರ್ಚಿ ಎಳೆದು ಕೂತು, “ಓದಿ ಹೇಳಿ ಮೇಡಂ,” ಎಂದಳು.

ನಿಯಮದಿಂದ ಬಡವರಿಗೆ ಸಾಲ ಅಗ್ಗವಾಯಿತೆಂದು ನಾನು ಹೇಳಲಾರೆ. ಆಗಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೆ: ಬೇರೆ ದಾರಿಯಿಲ್ಲದೆ ಸಹಿ ಹಾಕುವವರಿಗೂ ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆಂದು ತಿಳಿದಿರಬೇಕು. ಆ ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟು, ಜಯಂತಿಯ ಎನ್‌ಒಸಿಯನ್ನು ಮೊದಲ ಸಾಲಿನಿಂದ ಓದತೊಡಗಿದೆ.