ನೊರೀನ್ ಆಂಟಿಯ ಕ್ಯಾಸೆಟ್ಟುಗಳು

ಹಳೆಯ ವಿಡಿಯೋ ಟೇಪು ಓಡತೊಡಗುವಾಗ ಮಾತು ಬರುವುದಕ್ಕೆ ಮೊದಲು ಒಂದು ಸದ್ದು ಬರುತ್ತದೆ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಂಥ ಸದ್ದು. ಕಳೆದ ತಿಂಗಳು ಒಂದು ಸಂಜೆ, ದೋಹಾದ ಅಲ್ ಅಜೀಜಿಯಾ ಬಡಾವಣೆಯ ನಮ್ಮ ಮನೆಯಲ್ಲಿ ಚಹಾಕ್ಕೆ ಹಾಲಿಟ್ಟು ನಿಂತಿದ್ದಾಗ ಹಾಲ್‌ನಿಂದ ಆ ಸದ್ದು ಕೇಳಿತು. ಮಗಳು ರಿಯಾ ಟಿವಿ ಮುಂದೆ ಕೂತಿದ್ದಳು. ಸೆಪ್ಟೆಂಬರಿನಲ್ಲಿ ಅವಳು ಓದಲಿಕ್ಕೆಂದು ಡಬ್ಲಿನ್‌ಗೆ ಹೋಗುವವಳು. ಹೋಗುವ ದೇಶದ ಬಗ್ಗೆ ಸ್ವಲ್ಪ ತಿಳಿದಿರಲಿ ಎಂದು, ಐರ್ಲೆಂಡಿನ ಹಳೆಯ ವಾರ್ತೆಗಳನ್ನು ಪೋಣಿಸಿ ಮಾಡಿದ ಒಂದು ಕಾರ್ಯಕ್ರಮವನ್ನು ಎಲ್ಲಿಂದಲೋ ಹುಡುಕಿ ತೆಗೆದಿದ್ದಳು. ಎಂಬತ್ತರ ದಶಕದ ಹತ್ತೂ ವರ್ಷಗಳು ಅದರಲ್ಲಿದ್ದವು. "ಅಮ್ಮಾ, ಬಾ ನೋಡು, ಅವರ ಹೇರ್‌ಸ್ಟೈಲ್ ಎಷ್ಟು ಫನ್ನಿ!" ಎಂದು ಕರೆದಳು. ಹೋಗಿ ನೋಡಿದೆ. ಒದ್ದೆ ರಸ್ತೆ, ಇಟ್ಟಿಗೆ ಗೋಡೆಯ ಮನೆಗಳ ಸಾಲು, ಬೆಂಕಿ ಹತ್ತಿಕೊಂಡ ಒಂದು ಬಸ್ಸು. ಅದರ ಕೆಂಪು ಬಣ್ಣ ಗೆರೆ ದಾಟಿ ಸುತ್ತೆಲ್ಲ ಕಲಸಿಹೋಗಿತ್ತು. ಈ ಚಿತ್ರಗಳನ್ನು ನಾನು ನೋಡಿದ್ದೆ. ಇದೇ ದೋಹಾದಲ್ಲಿ, ಎಂಟು ವರ್ಷದ ಹುಡುಗಿಯಾಗಿ, ಸೋಫಾದ ದಿಂಬಿನ ಹಿಂದೆ ಮುಖ ಮರೆಸಿಕೊಂಡು ನೋಡಿದ್ದೆ.

ಆಗ ನಾವು ಅಲ್ ಮುಂತಜಾದ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿದ್ದೆವು. ಮೆಟ್ಟಿಲುಗಳ ಮೇಲೆ ಯಾವಾಗಲೂ ಕೆಳಗಿನ ಮಲಯಾಳಿ ಹೋಟೆಲಿನ ಹುರಿದ ಈರುಳ್ಳಿಯ ವಾಸನೆ, ಕಿಟಕಿಗಳಲ್ಲಿ ತೊಟ್ಟಿಕ್ಕುವ ಏಸಿಗಳು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಪಪ್ಪಾ ಹಡಗಿನ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಗುಮಾಸ್ತರು, ಮಮ್ಮಿ ಆಸ್ಪತ್ರೆಯಲ್ಲಿ ಟೈಪಿಸ್ಟ್. ಇಬ್ಬರೂ ಉಡುಪಿ ಕಡೆಯವರು. ಮನೆಯಲ್ಲಿ ನಮ್ಮದು ಕೊಂಕಣಿ, ಆದರೆ ನಾನು ಕನ್ನಡ ಮರೆಯಬಾರದೆಂದು ಪಪ್ಪಾ ನನ್ನೊಡನೆ ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಿದ್ದರು. ಎದುರು ಮನೆಯಲ್ಲಿ ನೊರೀನ್ ಆಂಟಿ ಒಬ್ಬರೇ ಇದ್ದರು. ಮಮ್ಮಿಯ ಆಸ್ಪತ್ರೆಯಲ್ಲೇ ನರ್ಸ್, ಐರ್ಲೆಂಡಿನವರು. ಕೆಂಪು ಕೂದಲು, ತೋಳಿನ ತುಂಬ ಕಂದು ಚುಕ್ಕೆಗಳು, ಹತ್ತಿರ ಹೋದರೆ ಲ್ಯಾವೆಂಡರ್ ಪೌಡರಿನ ಪರಿಮಳ. ಆಗ ಇಲ್ಲಿ ಚರ್ಚ್ ಇರಲಿಲ್ಲ. ಶುಕ್ರವಾರ ಯಾರದಾದರೂ ಮನೆಯಲ್ಲಿ ಬಲಿಪೂಜೆ ನಡೆಯುತ್ತಿತ್ತು; ಅಲ್ಲಿ ಅವರು ನಮ್ಮೊಡನೆಯೇ ಕೂರುತ್ತಿದ್ದರು. ಮಮ್ಮಿಗೆ ಮಧ್ಯಾಹ್ನದ ಡ್ಯೂಟಿ ಇದ್ದ ದಿನ ಶಾಲೆ ಬಿಟ್ಟ ಕೂಡಲೇ ನಾನು ನೇರ ಅವರ ಮನೆಗೇ ಹೋಗುತ್ತಿದ್ದೆ.

ಅವರ ಊರಿನಲ್ಲಿ ಅವರ ಅಮ್ಮ ದಿನವೂ ಸಂಜೆಯ ವಾರ್ತೆ ತನ್ನಷ್ಟಕ್ಕೇ ರೆಕಾರ್ಡ್ ಆಗುವಂತೆ ವಿಡಿಯೋ ಯಂತ್ರದಲ್ಲಿ ಸಮಯ ಹೊಂದಿಸಿಟ್ಟು, ತುಂಬಿದ ಕ್ಯಾಸೆಟ್ಟುಗಳನ್ನು ದೋಹಾಕ್ಕೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ವಿಮಾನ ನಿಲ್ದಾಣದವರು ಅವನ್ನು ಇಟ್ಟುಕೊಂಡು, ತಪ್ಪೇನಾದರೂ ಇದೆಯೇ ಎಂದು ನೋಡಿ, ಆಮೇಲೆ ಕೊಡುವ ಕಾಲ ಅದು. ಹೀಗಾಗಿ ನಮ್ಮ ಕಣ್ಣಿಗೆ ಬೀಳುವಾಗ ವಾರ್ತೆ ಹಳತಾಗಿರುತ್ತಿತ್ತು. ನೊರೀನ್ ಆಂಟಿ ಅವನ್ನು ನೋಡುತ್ತಿದ್ದುದು ತಮ್ಮನಿಗಾಗಿ. ತಮ್ಮ ಡೆಕ್ಲನ್ ವಾರ್ತೆಯ ಕ್ಯಾಮೆರಾಮನ್. ಅವನ ಮುಖ ಎಂದೂ ಕಾಣುತ್ತಿರಲಿಲ್ಲ. ಆದರೆ ಯಾವ ಚಿತ್ರ ಅವನು ತೆಗೆದದ್ದು ಎಂದು ಅವರಿಗೆ ಗೊತ್ತಾಗುತ್ತಿತ್ತು. "ನೋಡೀಗ, ಅವನು ಮಕ್ಕಳ ಕಡೆ ತಿರುಗುತ್ತಾನೆ" ಎನ್ನುವರು. ನಿಜವೇ, ಹೆಗಲ ಮೇಲೆ ಶವಪೆಟ್ಟಿಗೆ ಹೊತ್ತ ಮೆರವಣಿಗೆಯ ನಡುವೆ ಕ್ಯಾಮೆರಾ ಒಂದು ಗಳಿಗೆ ಪಕ್ಕಕ್ಕೆ ಸರಿದು, ಗೋಡೆ ಹತ್ತಿ ಕೂತ ಮಕ್ಕಳನ್ನು ತೋರಿಸಿ ಮತ್ತೆ ಮುಂದೆ ಹೋಗುತ್ತಿತ್ತು. ಆಗ ಅವರು ಹಿಡಿದಿದ್ದ ಉಸಿರು ಬಿಡುತ್ತಿದ್ದರು. ಮುಚ್ಚಿದ ಕಾರ್ಖಾನೆಗಳು, ದನದ ಸಂತೆ, ಕೆಲಸ ಹುಡುಕಿ ಹಡಗು ಹತ್ತುವ ಹುಡುಗರು ಎಲ್ಲವೂ ಆ ಟೇಪುಗಳಲ್ಲಿದ್ದವು. ನನ್ನ ಮನಸ್ಸಿನಲ್ಲಿ ಕೂತದ್ದು ಮಾತ್ರ ಕಾರುಗಳು. ಅಲ್ಲಿ ಆಗ ಗಲಭೆಯ ಕಾಲ, ನಿಲ್ಲಿಸಿದ ಕಾರುಗಳಲ್ಲಿ ಬಾಂಬು ಇಡುತ್ತಿದ್ದರು. ರಸ್ತೆ ಬದಿಯಲ್ಲಿ ಸುಮ್ಮನೆ ನಿಂತ ಕಾರು, ಮರುಚಿತ್ರದಲ್ಲಿ ಅದೇ ಕಾರಿನ ಸುಟ್ಟ ಕರಿ ಹಂದರ.

ಆ ಹೆದರಿಕೆಯನ್ನು ನಾನು ಯಾರಿಗೂ ಹೇಳಲಿಲ್ಲ. ಪಪ್ಪಾ ಬೆಳಿಗ್ಗೆ ತಮ್ಮ ಬಿಳಿ ಕಾರನ್ನು ಸ್ಟಾರ್ಟ್ ಮಾಡಲು ಕೆಳಗಿಳಿದರೆ ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಎರಡೂ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಕಾರು ಹೊರಟಿದೆಯೆಂದು ಕಿಟಕಿಯಿಂದ ಖಾತ್ರಿ ಮಾಡಿಕೊಂಡ ಮೇಲೆಯೇ ಹಾಲು ಕುಡಿಯುತ್ತಿದ್ದೆ. ಶಾಲೆಗೆ ಹೋಗುವಾಗ ನಿಂತ ಕಾರುಗಳನ್ನು ದೂರ ಬಿಟ್ಟು, ಬಿಸಿಲಿನಲ್ಲೇ ಸುತ್ತಿ ಹೋಗುತ್ತಿದ್ದೆ. "ಎಂತ ಮಗಾ, ನೆರಳಲ್ಲಿ ಬರ್ಲಿಕ್ಕೆ ಆಗುದಿಲ್ವಾ ನಿಂಗೆ?" ಎಂದು ಮಮ್ಮಿ ಗದರುವರು. ದೋಹಾದಷ್ಟು ಶಾಂತವಾದ ಊರು ಬೇರೆ ಇರಲಿಲ್ಲ. ಹಾಗಿದ್ದೂ ನನಗೆ ಇಡೀ ಬೀದಿ ಉಸಿರು ಬಿಗಿಹಿಡಿದು ಏನಕ್ಕೋ ಕಾದಿರುವಂತೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಹೊಸ ಕ್ಯಾಸೆಟ್ಟು ಬಂತು. ನೊರೀನ್ ಆಂಟಿ ನನಗೆ ಬಿಸ್ಕತ್ತು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ಊರಿಗೆ ಫೋನ್ ಮಾಡಿದಾಗಲೆಲ್ಲ ಡೆಕ್ಲನ್ ಕೆಲಸದ ಮೇಲೆ ಹೊರಗಿದ್ದಾನೆ ಎಂದೇ ಅಮ್ಮ ಹೇಳುತ್ತಿದ್ದುದರಿಂದ, ಅವನ ಚಿತ್ರಗಳಿಗಾಗಿ ಅವರು ಕಾತರಿಸಿದ್ದರು. ಪರದೆಯ ಮೇಲೆ ಒಂದು ಪೇಟೆ ಬೀದಿ, ಮಳೆ, ಅಂಗಡಿ ಮುಂದೆ ಐಸ್‌ಕ್ರೀಂ ತಿನ್ನುವ ಇಬ್ಬರು ಹುಡುಗಿಯರು. "ಇವನೇ" ಎಂದು ಅವರು ನಕ್ಕರು. ಹುಡುಗಿಯರ ಹಿಂದೆ ಒಂದು ನೀಲಿ ಕಾರು ನಿಂತಿತ್ತು. ಕ್ಯಾಮೆರಾ ರಸ್ತೆಯ ಕಡೆ ತಿರುಗಿತು. ಆಮೇಲೆ ಒಂದು ಸದ್ದು, ಚಿತ್ರ ಉರುಳಿತು. ಒದ್ದೆ ಕಲ್ಲುಹಾಸು, ಹೊಗೆ, ಒಂಟಿ ಶೂ. ಯಾರೋ ಕೂಗುತ್ತಿದ್ದರು. ಕ್ಯಾಮೆರಾವನ್ನು ಎತ್ತಲು ಯಾರೂ ಬರಲಿಲ್ಲ. ಕ್ಯಾಮೆರಾಮನ್ ತೀವ್ರವಾಗಿ ಗಾಯಗೊಂಡು ಆಸ್ಪತ್ರೆಯಲ್ಲಿದ್ದಾನೆ ಎಂದು ವಾರ್ತೆ ಓದುವವನು ಹೇಳಿದ. ನೊರೀನ್ ಆಂಟಿ ನನ್ನ ಕೈ ಹಿಡಿದು ಎದ್ದರು.

ಅವರು ನನ್ನ ಕೈ ಬಿಡದೆ ನಮ್ಮ ಮನೆಗೆ ಬಂದರು; ಫೋನ್ ಇದ್ದುದು ನಮ್ಮಲ್ಲಿ. ಪಪ್ಪಾ ಆಗಷ್ಟೇ ಊಟಕ್ಕೆ ಬಂದಿದ್ದರು. ಲೈನ್ ಸಿಗುವವರೆಗೆ ಅವರು ಮತ್ತೆ ಮತ್ತೆ ನಂಬರು ತಿರುಗಿಸುತ್ತಲೇ ಇದ್ದರು, ನೊರೀನ್ ಆಂಟಿ ಗೋಡೆಗೆ ಹಣೆ ಆನಿಸಿ ನಿಂತೇ ಇದ್ದರು. ಕೊನೆಗೆ ಅವರ ಅಮ್ಮ ಸಿಕ್ಕಿದರು. ದೂರದಲ್ಲಿರುವ ಮಗಳು ಹೆದರಬಾರದೆಂದು ಮುಚ್ಚಿಟ್ಟಿದ್ದರಂತೆ. ಆ ದಿನದ ವಾರ್ತೆಯನ್ನೂ ಯಂತ್ರ ತುಂಬಿಕೊಂಡಿದೆ ಎಂಬುದು ಆ ಮುದುಕಿಗೆ ಹೊಳೆದಿರಲಿಲ್ಲ. ಡೆಕ್ಲನ್ ಬದುಕಿದ್ದ. ಕ್ಯಾಮೆರಾ ಹೊರುತ್ತಿದ್ದ ಬಲ ಭುಜ ಮಾತ್ರ ಇನ್ನು ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ನೊರೀನ್ ಆಂಟಿ ತಮ್ಮನ ಬಳಿಗೆ ಹೊರಟರು. ದೇಶ ಬಿಟ್ಟು ಹೋಗುವ ಅನುಮತಿಗೆ ಕೆಲವು ದಿನ ಹಿಡಿಯಿತು. ವಿಮಾನದ ದಿನ ಪಪ್ಪಾ ಸೂಟ್‌ಕೇಸನ್ನು ಡಿಕ್ಕಿಯಲ್ಲಿಟ್ಟು, "ಯಲ್ಲಾ, ಹತ್ತು ಹತ್ತು" ಎಂದರು. ನನಗೆ ಹತ್ತಲಾಗಲಿಲ್ಲ. ಕಾರಿನ ಬಾಗಿಲು ಕಂಡದ್ದೇ ನೆಲದ ಮೇಲೆ ಕೂತು ಕಿರುಚತೊಡಗಿದೆ. "ಬೇಡ ಪಪ್ಪಾ, ಅದು ಒಡೀತದೆ!" ಮಮ್ಮಿ ಎತ್ತಲು ಬಂದರೆ ಅವರ ಸೀರೆಯನ್ನೇ ಹಿಡಿದು ಹಿಂದಕ್ಕೆ ಎಳೆದೆ. ಹೋಟೆಲಿನವರು ಹೊರಗೆ ಬಂದು ನೋಡಿದರು. ಪಪ್ಪಾ ಕಾರನ್ನೂ ನನ್ನನ್ನೂ ನೋಡಿದರು. ಅವರ ಮುಖ ಬಾಡಿತು. "ಅಯ್ಯೋ ದೇವಾ, ಇಷ್ಟು ದಿವಸ ಇದಕ್ಕೇ ಹೆದರ್ತಿದ್ದದ್ದಾ ನೀನು?" ಎಂದು ಪಿಸುಗುಟ್ಟಿದರು.

ವಿಮಾನಕ್ಕೆ ತಡವಾಗುತ್ತಿತ್ತು. ನೊರೀನ್ ಆಂಟಿ ಅವಸರ ಮಾಡಲಿಲ್ಲ. ಪಪ್ಪನ ಕೈಯಿಂದ ಕೀ ತೆಗೆದುಕೊಂಡು, ನಮ್ಮನ್ನೆಲ್ಲ ಕಂಬದ ಹಿಂದೆ ನಿಲ್ಲಿಸಿ, ತಾವೊಬ್ಬರೇ ಹೋಗಿ ಸ್ಟೀರಿಂಗ್ ಮುಂದೆ ಕೂತರು. "ನನ್ನನ್ನು ನೋಡು" ಎಂದು ಇಂಗ್ಲಿಷಿನಲ್ಲಿ ಕೂಗಿದರು. ನೋಡಿದೆ. ಕೀ ಎರಡು ಸಲ ತೂತು ತಪ್ಪಿ ಜಾರಿತು. ಅವರು ಕಣ್ಣು ಮುಚ್ಚಿದರು. ಎಂಜಿನ್ ಗುರುಗುಟ್ಟಿತು. ಕಣ್ಣು ಬಿಟ್ಟು ನನ್ನ ಕಡೆ ಕೈ ಚಾಚಿದರು. ನಾನು ಓಡಿಹೋಗಿ ಅವರ ಎದೆಯಲ್ಲಿ ಮುಖ ಹುದುಗಿಸಿದೆ. ಅವರು ನನ್ನನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಬಂದರು, ಪಪ್ಪಾ ಕಾರು ಓಡಿಸಿದರು. ವಿಮಾನ ನಿಲ್ದಾಣದವರೆಗೂ ಹಾಗೆಯೇ ಇದ್ದೆ. ಅವರ ಎದೆಯ ಡವಡವ ನನ್ನ ಕೆನ್ನೆಗೆ ಬಡಿಯುತ್ತಿತ್ತು.

ಬೇಗ ಬರುತ್ತೇನೆ ಎಂದಿದ್ದರು, ಬರಲಿಲ್ಲ. ತಮ್ಮನನ್ನು ನೋಡಿಕೊಳ್ಳಲು ಅಲ್ಲೇ ಉಳಿದರು. ಎದುರು ಮನೆಗೆ ಬೇರೆಯವರು ಬಂದರು. ಕ್ರಿಸ್ಮಸ್‌ಗೆ ಫೋನ್ ಮಾಡಿದಾಗಲೆಲ್ಲ ನನ್ನನ್ನು ಕರೆಸಿ, "ಕಾರಿನಲ್ಲಿ ಕೂರುತ್ತೀಯಾ?" ಎಂದು ಕೇಳುತ್ತಿದ್ದರು. ಒಂದು ಕ್ರಿಸ್ಮಸ್‌ಗೆ ಫೋನಿನಲ್ಲಿ ಗಂಡಸಿನ ದನಿ ಕೇಳಿತು. ಡೆಕ್ಲನ್. ಅಕ್ಕ ತೀರಿಕೊಂಡಳು ಎಂದು ಹೇಳಲು ಫೋನ್ ಮಾಡಿದ್ದ. ಮಮ್ಮಿ ರಿಸೀವರ್ ಇಟ್ಟವರು, ಪಾತ್ರೆಯಲ್ಲಿ ಕಲಸಿಟ್ಟ ಕೇಕಿನ ಹಿಟ್ಟನ್ನು ಹಾಗೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಸಂಜೆ ನಾನು ರಿಯಾಳ ಪಕ್ಕ ಕೂತು ಹತ್ತು ವರ್ಷಗಳನ್ನೂ ನೋಡಿದೆ. ಒಲೆಯ ಮೇಲೆ ಹಾಲು ಉಕ್ಕಿತು, ಎದ್ದು ಆರಿಸಿ ಬಂದು ಮತ್ತೆ ಕೂತೆ. ಪ್ರತಿ ಒದ್ದೆ ಬೀದಿ ಬಂದಾಗಲೂ ಐಸ್‌ಕ್ರೀಂ ತಿನ್ನುವ ಹುಡುಗಿಯರು ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಕಾದೆ. ಬರಲಿಲ್ಲ. ದಶಕ ಮುಗಿಯಿತು, ಸಂಗೀತ ಬಂತು, ಹೆಸರುಗಳು ಓಡಿದವು. ನಮ್ಮ ಎರಡು ಮನೆಗಳನ್ನು ಅಲುಗಾಡಿಸಿದ ಆ ಕೆಲವು ಗಳಿಗೆಗಳಿಗೆ ಹತ್ತು ವರ್ಷಗಳಲ್ಲಿ ಜಾಗವಿರಲಿಲ್ಲ.

"ಎಂತಾಯ್ತಮ್ಮ, ಯಾಕೆ ಅಳ್ತಿದ್ದಿ?" ಎಂದು ರಿಯಾ ಗಾಬರಿಯಾದಳು. ಎಲ್ಲವನ್ನೂ ಹೇಳಿದೆ. ಅವಳು ನನ್ನ ಭುಜಕ್ಕೆ ಒರಗಿ ಕೇಳಿದಳು. "ಈಗ ಅಲ್ಲಿ ಅದೆಲ್ಲ ಖಲಾಸ್ ಅಮ್ಮ. ನಾನು ಡೈಲಿ ಕಾಲ್ ಮಾಡ್ತೇನೆ, ಪ್ರಾಮಿಸ್" ಎಂದಳು. ಗೊತ್ತುಂಟು ಎಂದೆ. ಹೋಗಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಅವಳು, "ಅವರ ಊರು ಯಾವುದಮ್ಮ? ರಜೆಯಲ್ಲಿ ಹೋಗಿ ಗ್ರೇವ್ ಮೇಲೆ ಹೂ ಇಟ್ಟು ಬರ್ತೇನೆ" ಎಂದಳು.

ಹೇಳಲು ಬಾಯಿ ತೆರೆದೆ. ಊರಿನ ಹೆಸರು ಬರಲಿಲ್ಲ. ಸಮುದ್ರದ ಹತ್ತಿರದ ಸಣ್ಣ ಊರು, ಅಷ್ಟು ನೆನಪಿತ್ತು. ಪಪ್ಪನಿಗೆ ಗೊತ್ತಿತ್ತು. ಮಮ್ಮಿಗೆ ಗೊತ್ತಿತ್ತು, ಪ್ರತಿ ಕ್ರಿಸ್ಮಸ್‌ಗೂ ಕಾರ್ಡಿನ ಮೇಲೆ ಬರೆಯುತ್ತಿದ್ದವರು ಅವರೇ. ಈಗ ಇಬ್ಬರೂ ಇಲ್ಲ. ನಿಮ್ಮ ಬಾಲ್ಯದಲ್ಲೂ ಇಂಥ ಯಾವುದೋ ಒಂದು ಹೆಸರು ಇದ್ದಿರಬಹುದು. ಮನೆಯಲ್ಲಿ ದೊಡ್ಡವರು ಇರುವಷ್ಟು ದಿನ ನಾವು ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಮಗಳು ಫೋನಿನಲ್ಲಿ ಆ ದೇಶದ ನಕ್ಷೆ ತೆಗೆದು ಕರಾವಳಿಯ ಊರುಗಳನ್ನು ಒಂದೊಂದಾಗಿ ಓದತೊಡಗಿದಳು. ನಾನು ಕೇಳುತ್ತಾ ಕೂತೆ.